ತೆಂಗಿನ ಮರ ಹತ್ತುವವನನ್ನು ಬೀಳದಂತೆ ಹಿಡಿದಿರುವುದು ಯಾವುದು?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕು, ತೆಂಗಿನ ತೋಟ ಇದೆ. ಮಗಳು ಒಂಬತ್ತನೇ ಕ್ಲಾಸ್. ಅವಳಿಗೆ ಎರಡು ವಿಷಯ ಒಗ್ಗುತ್ತಿಲ್ಲ. ಒಂದು, ಭಾರದ ವಸ್ತು, ಹಗುರದ ವಸ್ತು ಎರಡೂ ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ ಅಂತ ಪಾಠದಲ್ಲಿದೆ. ನಮ್ಮ ತೋಟದಲ್ಲಿ ನೋಡಿದರೆ ಕಾಯಿ ದೊಪ್ಪಂತ ಬೀಳುತ್ತದೆ, ಗರಿ ಓಲಾಡಿಕೊಂಡು ಬೀಳುತ್ತದೆ. ಎರಡು, ಘರ್ಷಣೆ ಚಲನೆಯನ್ನು ತಡೆಯುತ್ತದೆ ಅಂತ ಒಂದು ಕಡೆ ಓದಿದ್ದಾಳೆ, ಘರ್ಷಣೆ ಇಲ್ಲದಿದ್ದರೆ ನಡೆಯೋಕೇ ಆಗಲ್ಲ ಅಂತ ಇನ್ನೊಂದು ಕಡೆ ಓದಿದ್ದಾಳೆ. ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದಾಳೆ. "ಆದ್ರೆ ಅರ್ಥ ಆಗಿಲ್ಲಮ್ಮ" ಅನ್ನುತ್ತಾಳೆ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಮಾರ್ಕ್ಸ್ ಬಂದ ಮೇಲೂ "ಅರ್ಥ ಆಗಿಲ್ಲ" ಅನ್ನುವ ಹುಡುಗಿ ಭೌತವಿಜ್ಞಾನಕ್ಕೆ ಬೇಕಾದ ಹುಡುಗಿ. ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ. ಅವಳ ಎರಡೂ ಅನುಮಾನಗಳು ಸರಿಯಾದ ಅನುಮಾನಗಳೇ. ಪಿಯುಸಿಗೆ ಬಂದ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಅವರಲ್ಲೂ ತುಂಬಾ ಜನ ಇದೇ ಎರಡು ಕಡೆ ಎಡವುತ್ತಿದ್ದರು. ನಿಮಗೆ ತೋಟವಿದೆ, ಅದು ದೊಡ್ಡ ಅನುಕೂಲ. ಬೇರೆ ಉದಾಹರಣೆ ಹುಡುಕುವುದೇ ಬೇಡ, ಒಂದು ತೆಂಗಿನ ಮರ ಸಾಕು.

ಮೊದಲು ಬೀಳುವ ವಿಷಯ. ಒಂದು ಸುಲಿಯದ ಕಾಯಿ ಸುಮಾರು ಒಂದೂವರೆ ಕಿಲೋ ಇರುತ್ತದೆ ಎಂದುಕೊಳ್ಳಿ. ಬಿದ್ದ ಒಣ ಗರಿಯನ್ನು ಬುಡದ ದಪ್ಪ ಭಾಗದ ಸಮೇತ ಎತ್ತಿ ತಕ್ಕಡಿಗೆ ಹಾಕಿ. ತುಂಬಾ ಸಲ ಅದು ಕಾಯಿಗಿಂತ ಜಾಸ್ತಿಯೇ ತೂಗುತ್ತದೆ. ಇದನ್ನು ಮಗಳೇ ತೂಗಿ ನೋಡಲಿ. ಭಾರದ್ದು ಬೇಗ ಬೀಳುತ್ತದೆ ಅನ್ನುವುದೇ ನಿಜವಾಗಿದ್ದರೆ ಗರಿಯೇ ಮುಂಚೆ ಬೀಳಬೇಕಿತ್ತು, ಅಲ್ವಾ? ಆದರೆ ಹರಡಿಕೊಂಡ ಗರಿ ನಿಧಾನವಾಗಿ, ಗಾಳಿಯಲ್ಲಿ ತೂಗುತ್ತಾ ಬರುತ್ತದೆ. ಅಂದರೆ ತೋಟದಲ್ಲಿ ಅವಳು ನೋಡುತ್ತಿರುವ ವ್ಯತ್ಯಾಸಕ್ಕೆ ತೂಕ ಕಾರಣವಲ್ಲ. ಗಾಳಿ ಕಾರಣ. ಗರಿ ಉದ್ದಕ್ಕೆ, ಅಗಲಕ್ಕೆ ಹರಡಿಕೊಂಡಿದೆ, ದಾರಿಯಲ್ಲಿರುವ ಗಾಳಿಯನ್ನೆಲ್ಲ ತಳ್ಳಿಕೊಂಡೇ ಕೆಳಗೆ ಬರಬೇಕು. ಕಾಯಿ ಗುಂಡಗಿದೆ, ಅದಕ್ಕೆ ತಳ್ಳಬೇಕಾದ ಗಾಳಿ ಕಡಿಮೆ.

ಇದನ್ನು ಮನೆಯೊಳಗೇ ನೋಡಬಹುದು. ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ. ಅದಕ್ಕಿಂತ ಎಲ್ಲ ಕಡೆ ಸ್ವಲ್ಪ ಚಿಕ್ಕದಾದ ಒಂದು ಕಾಗದದ ಹಾಳೆ ತಗೊಳ್ಳಿ. ಎರಡನ್ನೂ ಅಕ್ಕಪಕ್ಕ ಹಿಡಿದು ಬಿಟ್ಟರೆ ಪುಸ್ತಕ ಮೊದಲು, ಹಾಳೆ ಆಮೇಲೆ. ಈಗ ಹಾಳೆಯನ್ನು ಪುಸ್ತಕದ ಮೇಲೆ ಮಲಗಿಸಿ, ಪುಸ್ತಕವನ್ನು ಅಡ್ಡಡ್ಡ ಹಿಡಿದು ಕೈ ಬಿಡಿ. ಅಂಟು ಹಾಕಿಲ್ಲ, ಒತ್ತಿ ಹಿಡಿದಿಲ್ಲ. ಆದರೂ ಎರಡೂ ಜೊತೆಯಾಗಿ ನೆಲಕ್ಕೆ ಬರುತ್ತವೆ. ಎದುರಿನ ಗಾಳಿಯನ್ನು ಪುಸ್ತಕ ತಳ್ಳಿಕೊಂಡು ಹೋಗುತ್ತಿದೆ, ಹಾಳೆಗೆ ಆ ಕೆಲಸ ಇಲ್ಲ. ಆಮೇಲೆ ಹಾಳೆಯನ್ನು ಉಂಡೆ ಮಾಡಿ ಪುಸ್ತಕದ ಪಕ್ಕದಲ್ಲೇ ಬಿಡಿ. ತೂಕ ಒಂದು ಗ್ರಾಮೂ ಬದಲಾಗಿಲ್ಲ, ಬೀಳುವ ರೀತಿ ಬದಲಾಯಿತು.

ಗಾಳಿಯೇ ಇಲ್ಲದ ಕಡೆ ಈ ಪರೀಕ್ಷೆ ನಡೆದದ್ದೂ ಉಂಟು. 1971ರ ಆಗಸ್ಟ್‌ನಲ್ಲಿ ಅಪೋಲೋ 15ರಲ್ಲಿ ಚಂದ್ರನಿಗೆ ಹೋಗಿದ್ದ ಡೇವಿಡ್ ಸ್ಕಾಟ್ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಡೇಗೆ ಹಕ್ಕಿಯ ಗರಿ ಹಿಡಿದು ಕ್ಯಾಮೆರಾ ಮುಂದೆ ಎರಡನ್ನೂ ಒಟ್ಟಿಗೆ ಬಿಟ್ಟರು. ಸುತ್ತಿಗೆ 1.3 ಕಿಲೋ, ಗರಿ 30 ಗ್ರಾಂ. ಎರಡೂ ಒಂದೇ ಕ್ಷಣಕ್ಕೆ ಚಂದ್ರನ ಮಣ್ಣು ಮುಟ್ಟಿದವು. ಆ ವಿಡಿಯೋ ಈಗಲೂ ಸಿಗುತ್ತದೆ, ಮಗಳ ಜೊತೆ ಕೂತು ನೋಡಿ.

ಇಷ್ಟಕ್ಕೇ ನಿಲ್ಲಿಸಿದರೆ ಅವಳು ಇನ್ನೊಂದು ಬಾಯಿಪಾಠ ಮಾಡಿದಂತಾಗುತ್ತದೆ. ಹೀಗೇಕೆ ಆಗುತ್ತದೆ ಅನ್ನುವುದು ಮುಖ್ಯ. ಕಾಯಿ ಒಂದೂವರೆ ಕಿಲೋ. ಗಾಳಿಗೆ ಉದುರಿ ಬಿದ್ದ ಒಂದು ಸಣ್ಣ ಹರಳು, ಅಂದರೆ ಎಳೆಯ ಮಿಡಿಕಾಯಿ, ಹದಿನೈದು ಗ್ರಾಂ ಅನ್ನೋಣ. ಭೂಮಿ ಕಾಯಿಯನ್ನು ಹರಳಿಗಿಂತ ನೂರು ಪಟ್ಟು ಜೋರಾಗಿ ಎಳೆಯುತ್ತದೆ, ಇದು ಸತ್ಯ. ಕೈಯಲ್ಲಿ ಹಿಡಿದರೆ ನಮಗೇ ಗೊತ್ತಾಗುತ್ತದೆ. ಹಾಗಾದರೆ ನೂರು ಪಟ್ಟು ಬೇಗ ಯಾಕೆ ಬೀಳುವುದಿಲ್ಲ? ಯಾಕೆಂದರೆ ಕಾಯಿಯನ್ನು ಕದಲಿಸುವುದೂ ನೂರು ಪಟ್ಟು ಕಷ್ಟ. ಜಡತ್ವ ಅನ್ನುವುದು ಇದನ್ನೇ. ಒಂದು ಜೊತೆ ಎತ್ತು ಒಂದು ತುಂಬಿದ ಗಾಡಿ ಎಳೆಯುತ್ತದೆ. ನೂರು ಜೊತೆ ಎತ್ತು ನೂರು ತುಂಬಿದ ಗಾಡಿ ಎಳೆಯುತ್ತವೆ. ನೂರು ಗಾಡಿಯ ಸಾಲು ಒಂಟಿ ಗಾಡಿಗಿಂತ ಬೇಗ ಹೋಗುತ್ತದಾ? ಇಲ್ಲ. ಎತ್ತೂ ನೂರು ಪಟ್ಟು, ಹೊರೆಯೂ ನೂರು ಪಟ್ಟು. ಬೀಳುವ ವಸ್ತುವಿನ ಲೆಕ್ಕವೂ ಹಾಗೆಯೇ. ಎಳೆತ ಹೆಚ್ಚಾದಷ್ಟೇ ಹೊರೆಯೂ ಹೆಚ್ಚಾಗಿ ಎರಡೂ ಸರಿದೂಗುತ್ತವೆ. ಅದಕ್ಕೇ ಎಲ್ಲಕ್ಕೂ ಒಂದೇ ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 9.8 ಮೀಟರ್‌ನಷ್ಟು ಹೆಚ್ಚುತ್ತಾ ಹೋಗುತ್ತದೆ.

ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಇದನ್ನು ಬರೀ ಯೋಚನೆಯಿಂದಲೇ ತೋರಿಸಿದ. ದೊಡ್ಡ ಕಲ್ಲಿಗೆ ಸಣ್ಣ ಕಲ್ಲು ಕಟ್ಟಿದರೆ ಏನಾಗುತ್ತದೆ ಅಂತ ಕೇಳಿದ. ನಾನು ಕ್ಲಾಸಿನಲ್ಲಿ ಅದನ್ನು ತೆಂಗಿನಕಾಯಿಗೆ ತಿರುಗಿಸಿ ಹೇಳುತ್ತಿದ್ದೆ. ಒಂದೇ ತೂಕದ ಮೂರು ಕಾಯಿ ಇವೆ. ಮೂರನ್ನೂ ಒಟ್ಟಿಗೆ ಬಿಟ್ಟರೆ ಒಟ್ಟಿಗೆ ಬೀಳುತ್ತವೆ, ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ಈಗ ಅವುಗಳಲ್ಲಿ ಎರಡು ಕಾಯಿಯ ಸಿಪ್ಪೆ ಸ್ವಲ್ಪ ಸೀಳಿ, ಹೆಗಲಿಗೆ ಹಾಕಿಕೊಂಡು ಹೋಗಲು ಜೋಡಿ ಕಟ್ಟುತ್ತಾರಲ್ಲ, ಹಾಗೆ ಗಂಟು ಹಾಕಿ. ಈಗ ಅದು ಮೂರು ಕಿಲೋದ ಒಂದು ವಸ್ತುವಾಯಿತು. ಮತ್ತೆ ಬಿಡಿ. ಆ ಒಂದು ಗಂಟಿನಿಂದ ಜೋಡಿಗೆ ಹೆಚ್ಚು ವೇಗ ಬಂದುಬಿಡುತ್ತಾ? ಗಂಟು ಹಾಕುವ ಮೊದಲು ಹೇಗೆ ಬೀಳುತ್ತಿದ್ದವೋ ಈಗಲೂ ಹಾಗೇ ಬೀಳಬೇಕು. ಈ ಪ್ರಶ್ನೆ ಕೇಳಿದ ಮೇಲೆ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ಆ ಮೌನ ನನಗೆ ತುಂಬಾ ಇಷ್ಟ.

ಇನ್ನೊಂದು ಮಾತು. ಗಾಳಿಯ ಅಡ್ಡಿ ಎಂದರೆ ಸಣ್ಣ ವಿಷಯ ಅಂತ ಅವಳು ತಿಳಿಯಬಾರದು. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಮಳೆ ಹನಿ ಅಡ್ಡಿಯಿಲ್ಲದೆ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಏಳುನೂರು ಕಿಲೋಮೀಟರ್ ದಾಟಿರುತ್ತದೆ. ರಾಗಿ ಹೊಲ ಉಳಿಯುತ್ತಿರಲಿಲ್ಲ, ನಾವೂ ಉಳಿಯುತ್ತಿರಲಿಲ್ಲ. ನಿಜವಾಗಿ ದಪ್ಪ ಹನಿಯೂ ಗಂಟೆಗೆ ಸುಮಾರು ಮೂವತ್ತು ಕಿಲೋಮೀಟರ್ ವೇಗದಲ್ಲಿ ಬೀಳುತ್ತದೆ, ಅಷ್ಟೇ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಒಂದು ಹಂತದಲ್ಲಿ ತಡೆಯೂ ಎಳೆತವೂ ಸಮವಾಗುತ್ತವೆ. ಅಲ್ಲಿಂದ ಮುಂದೆ ಹನಿ ಒಂದೇ ವೇಗದಲ್ಲಿ ಇಳಿಯುತ್ತದೆ. ಹಾಗಾಗಿ ಪಾಠದ ಮಾತಿಗೆ "ಗಾಳಿಯ ಅಡ್ಡಿ ಇಲ್ಲದಿದ್ದರೆ" ಅನ್ನುವ ಮೂರು ಪದ ಸೇರಿಸಿಕೊಳ್ಳಲಿ. ಪಾಠವೂ ನಿಜ, ತೋಟವೂ ನಿಜ.

ಈಗ ಎರಡನೇ ಪ್ರಶ್ನೆ. ನನ್ನ ಪ್ರಕಾರ ಇದೇ ದೊಡ್ಡದು. "ಘರ್ಷಣೆ ಚಲನೆಯನ್ನು ತಡೆಯುತ್ತದೆ" ಅನ್ನುವ ವಾಕ್ಯದಲ್ಲಿ ಒಂದು ಪದ ಬಿಟ್ಟುಹೋಗಿದೆ. ಅದರಿಂದಲೇ ಇಷ್ಟು ಗೊಂದಲ. ಘರ್ಷಣೆ ತಡೆಯುವುದು ಜಾರುವುದನ್ನು. ಒಂದಕ್ಕೊಂದು ತಾಗಿಕೊಂಡ ಎರಡು ಮೈಗಳಿವೆ, ಒಂದು ಇನ್ನೊಂದರ ಮೇಲೆ ಜಾರಲು ನೋಡುತ್ತಿದೆ. ಅದನ್ನು ಘರ್ಷಣೆ ತಡೆಯುತ್ತದೆ. ಆ ತಡೆಯಿಂದ ವಸ್ತು ನಿಲ್ಲಲೂಬಹುದು, ಮುಂದೆ ಹೋಗಲೂಬಹುದು.

ತೋಟಕ್ಕೆ ಬನ್ನಿ. ಕಾಯಿ ಕೀಳುವವನು ಮರ ಹತ್ತುತ್ತಿದ್ದಾನೆ. ಕಾಲಿಗೆ ಹಗ್ಗದ ಕುಣಿಕೆ ಹಾಕಿದ್ದಾನೆ, ಕೈಯಿಂದ ಮರ ತಬ್ಬಿದ್ದಾನೆ. ಹತ್ತಿರ ಹೋಗಿ ಅವನ ಪಾದ ನೋಡಿ. ಎರಡೂ ಪಾದ ಕಾಂಡವನ್ನು ಒತ್ತಿ ಹಿಡಿದಿವೆ. ಅವನ ತೂಕ ಪಾದವನ್ನು ಕೆಳಕ್ಕೆ ಜಾರಿಸಲು ನೋಡುತ್ತದೆ. ಅದಕ್ಕೆ ಕಾಂಡದ ಒರಟು ಮೈ ಪಾದವನ್ನು ಮೇಲಕ್ಕೆ ಹಿಡಿಯುತ್ತದೆ. ಆ ಹಿಡಿತವೇ ಘರ್ಷಣೆ. ಅದರ ದಿಕ್ಕು ಮೇಲಕ್ಕೆ.

ಈಗ ಮೂರು ಸಂದರ್ಭ ಯೋಚಿಸಿ. ಅವನು ಮೇಲೆ ಹೋಗುತ್ತಿದ್ದಾನೆ, ಘರ್ಷಣೆ ಮೇಲಕ್ಕೆ. ನಡುವೆ ನಿಂತು ಉಸಿರು ಬಿಡುತ್ತಿದ್ದಾನೆ, ಆಗಲೂ ಘರ್ಷಣೆ ಮೇಲಕ್ಕೆ. ಕೆಲಸ ಮುಗಿಸಿ ಸರಸರ ಜಾರಿಕೊಂಡು ಇಳಿಯುತ್ತಿದ್ದಾನೆ, ಆಗಲೂ ಮೇಲಕ್ಕೇ. ಹತ್ತುವಾಗ ಅವನು ಹೋಗುವ ದಿಕ್ಕೂ ಮೇಲೆ, ಘರ್ಷಣೆಯ ದಿಕ್ಕೂ ಮೇಲೆ. ಘರ್ಷಣೆ ಯಾವಾಗಲೂ ಚಲನೆಗೆ ಎದುರಾಗಿರುತ್ತದೆ ಅನ್ನುವ ಮಾತು ಆ ಮರದ ಮೇಲೆ ನಿಲ್ಲುವುದಿಲ್ಲ. ಆದರೆ ಮೂರೂ ಸಂದರ್ಭದಲ್ಲಿ "ಜಾರುವುದಿದ್ದರೆ ಪಾದ ಯಾವ ಕಡೆ ಜಾರುತ್ತಿತ್ತು?" ಅಂತ ಕೇಳಿ. ಕೆಳಕ್ಕೆ. ಹಾಗಾದರೆ ಘರ್ಷಣೆ ಮೇಲಕ್ಕೆ. ಈ ಒಂದು ಪ್ರಶ್ನೆ ಕೇಳುವ ಅಭ್ಯಾಸವಾದರೆ ನಿಮ್ಮ ಮಗಳಿಗೆ ಘರ್ಷಣೆಯ ದಿಕ್ಕು ಎಲ್ಲೂ ತಪ್ಪುವುದಿಲ್ಲ. ಅಲ್ಲಿ ಸೋಪಿನ ನೀರು ಸುರಿದರೆ ಯಾವ ಕಡೆ ಜಾರುತ್ತಿತ್ತು ಅಂತ ಕಲ್ಪಿಸಿಕೊಳ್ಳಲಿ. ಘರ್ಷಣೆ ಅದರ ಎದುರು ದಿಕ್ಕಿಗೆ.

ಲೆಕ್ಕವನ್ನೂ ಮಾಡೋಣ. ಅವನ ತೂಕ 60 ಕಿಲೋ. ಬಲದ ಅಳತೆಯಲ್ಲಿ ಸುಮಾರು 600 ನ್ಯೂಟನ್. ನ್ಯೂಟನ್ ಅಂದರೆ ಹೆದರಬೇಡಿ, ಎರಡು ಏಲಕ್ಕಿ ಬಾಳೆಹಣ್ಣು ಅಂಗೈ ಮೇಲೆ ಇಟ್ಟರೆ ಅನಿಸುವ ಭಾರ ಹೆಚ್ಚುಕಡಿಮೆ ಒಂದು ನ್ಯೂಟನ್. ಅವನು ಬೀಳಬಾರದು ಅಂದರೆ ಘರ್ಷಣೆ ಒಟ್ಟು 600 ನ್ಯೂಟನ್ ಮೇಲಕ್ಕೆ ಹಿಡಿಯಬೇಕು. ಪಾದಕ್ಕೂ ಕಾಂಡಕ್ಕೂ ನಡುವಿನ ಘರ್ಷಣಾ ಗುಣಾಂಕ 0.5 ಎಂದಿಟ್ಟುಕೊಳ್ಳಿ. ಅಂದರೆ ಒತ್ತಿದ ಬಲದ ಅರ್ಧದಷ್ಟು ಹಿಡಿತ ಸಿಗುತ್ತದೆ. 600 ನ್ಯೂಟನ್ ಹಿಡಿತಕ್ಕೆ ಅವನು ಕಾಂಡವನ್ನು ಎಲ್ಲ ಕಡೆಯಿಂದ ಸೇರಿ 1200 ನ್ಯೂಟನ್ ಒತ್ತಬೇಕು. ತನ್ನ ತೂಕದ ದುಪ್ಪಟ್ಟು! ಅವನ ತೊಡೆ, ತೋಳು ಯಾಕೆ ಅಷ್ಟು ಗಟ್ಟಿಯಾಗಿರುತ್ತವೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಈಗ ಮಳೆಗಾಲ ಬಂತು, ಕಾಂಡದ ಮೇಲೆ ಪಾಚಿ ಕಟ್ಟಿತು, ಗುಣಾಂಕ 0.25ಕ್ಕೆ ಇಳಿಯಿತು ಎಂದುಕೊಳ್ಳಿ. ಒತ್ತಬೇಕಾದ ಬಲ 2400 ನ್ಯೂಟನ್. ಮಳೆಯಲ್ಲಿ ಮರ ಹತ್ತಲ್ಲ ಅಂತ ಅವನು ಹೇಳಿದರೆ ಬಲವಂತ ಮಾಡಬೇಡಿ. ಅವನ ಲೆಕ್ಕ ಸರಿಯಾಗಿದೆ.

ಇಲ್ಲಿ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ. "ಹಾಗಾದರೆ ಅವನನ್ನು ಮೇಲೆ ಎತ್ತುವ ಶಕ್ತಿ ಕೊಡುವುದು ಘರ್ಷಣೆಯಾ?" ಅಲ್ಲ. ಶಕ್ತಿ ಕೊಡುವುದು ಅವನು ಬೆಳಿಗ್ಗೆ ಉಂಡ ಮುದ್ದೆ. ಘರ್ಷಣೆ ಕೊಡುವುದು ಊರಿ ನಿಲ್ಲುವ ಜಾಗ. ಊರಲು ಜಾಗ ಸಿಕ್ಕರೆ ಮಾತ್ರ ಸ್ನಾಯುವಿನ ಶಕ್ತಿ ಕೆಲಸಕ್ಕೆ ಬರುತ್ತದೆ.

ನಡೆಯುವುದೂ ಹೀಗೆಯೇ. ಬಚ್ಚಲ ಕಲ್ಲಿನ ಮೇಲೆ ಸೋಪು ಬಿದ್ದಿದೆ, ಹೆಜ್ಜೆ ಇಟ್ಟಿರಿ, ಮುಂದಕ್ಕೆ ಹೋಗಲು ಪಾದವನ್ನು ಹಿಂದಕ್ಕೆ ಒತ್ತಿದಿರಿ. ಪಾದ ಹಿಂದಕ್ಕೆ ಜಾರಿತು. ಒಣಗಿದ ನೆಲವಾಗಿದ್ದರೆ ಆ ಜಾರುವಿಕೆಯನ್ನು ನೆಲ ತಡೆಯುತ್ತಿತ್ತು, ಅಂದರೆ ಪಾದವನ್ನು ಮುಂದಕ್ಕೆ ತಳ್ಳುತ್ತಿತ್ತು. ನೀವು ನೆಲವನ್ನು ಹಿಂದಕ್ಕೆ ಒತ್ತುತ್ತೀರಿ, ನೆಲ ನಿಮ್ಮನ್ನು ಮುಂದಕ್ಕೆ ಒತ್ತುತ್ತದೆ. ನ್ಯೂಟನ್ 1687ರಲ್ಲಿ ಬರೆದ ಮೂರನೇ ನಿಯಮ ಇದೇ. ನಾವು ನಡೆಯುತ್ತೇವೆ ಅನ್ನುತ್ತೇವೆ. ಸರಿಯಾಗಿ ಹೇಳಬೇಕೆಂದರೆ ನೆಲ ನಮ್ಮನ್ನು ನಡೆಸುತ್ತಿದೆ.

ಇದನ್ನು ಸೈಕಲ್ಲಿನಲ್ಲಿ ನೋಡಿದರೆ ಇನ್ನೂ ಚೆನ್ನಾಗಿದೆ. ಪೆಡಲ್ ತುಳಿದಾಗ ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ನೆಲ ಮುಟ್ಟುವ ಜಾಗದಲ್ಲಿ ಟೈರು ಹಿಂದಕ್ಕೆ ಜಾರಲು ನೋಡುತ್ತದೆ. ಕೆಸರಿನಲ್ಲಿ ಚಕ್ರ ಸುಮ್ನೆ ತಿರುಗಿ ಹಿಂದಕ್ಕೆ ಮಣ್ಣು ಎರಚುವುದನ್ನು ನೋಡಿದ್ದೀರಲ್ಲ, ಅದೇ. ಹಾಗಾಗಿ ಹಿಂದಿನ ಚಕ್ರದ ಮೇಲೆ ಘರ್ಷಣೆ ಮುಂದಕ್ಕೆ. ಮುಂದಿನ ಚಕ್ರವನ್ನು ತಿರುಗಿಸುವವರು ಯಾರೂ ಇಲ್ಲ. ನೆಲವೇ ಅದನ್ನು ಹಿಂದಕ್ಕೆ ಹಿಡಿದು ತಿರುಗಿಸಬೇಕು. ಅದರ ಮೇಲೆ ಘರ್ಷಣೆ ಹಿಂದಕ್ಕೆ. ಒಂದೇ ಸೈಕಲ್, ಎರಡು ಚಕ್ರ, ಎರಡು ದಿಕ್ಕು. ಬ್ರೇಕ್ ಹಿಡಿದರೆ ಎರಡೂ ಚಕ್ರದ ಮೇಲೆ ಹಿಂದಕ್ಕೆ.

ಕೊಬ್ಬರಿ ಮೂಟೆ ಹೇರಿದ ಲಾರಿಯೂ ಅಷ್ಟೇ. ಲಾರಿ ಹೊರಟಾಗ ಮೂಟೆಯೂ ಜೊತೆಗೆ ಹೊರಡುತ್ತದೆ. ಮೂಟೆಗೆ ಎಂಜಿನ್ ಇಲ್ಲ, ಯಾರೂ ಕಟ್ಟಿ ಎಳೆಯುತ್ತಿಲ್ಲ. ಅದನ್ನು ಮುಂದಕ್ಕೆ ಒಯ್ಯುತ್ತಿರುವುದು ಲಾರಿಯ ಹಲಗೆಯ ಘರ್ಷಣೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಲಾರಿ ನಿಲ್ಲುತ್ತದೆ, ಮೂಟೆ ತನ್ನ ವೇಗದಲ್ಲೇ ಮುಂದೆ ಹೋಗಲು ನೋಡುತ್ತದೆ. ಹಲಗೆಯ ಹಿಡಿತ ಸಾಲದಿದ್ದರೆ ಮುಂದಕ್ಕೆ ಜಾರುತ್ತದೆ. ಬಸ್ಸಿನಲ್ಲಿ ನಿಂತ ನಾವು ಮುಗ್ಗರಿಸುವುದೂ ಇದಕ್ಕೇ. ನಮ್ಮನ್ನು ಮುಂದಕ್ಕೆ ಯಾರೂ ತಳ್ಳಲಿಲ್ಲ. ನಮ್ಮನ್ನು ನಿಲ್ಲಿಸುವಷ್ಟು ಬಲ ಸಿಗಲಿಲ್ಲ, ಅಷ್ಟೇ.

ಇನ್ನೊಂದು ತಪ್ಪನ್ನು ಉತ್ತರಪತ್ರಿಕೆಗಳಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಗಾಡ್ರೇಜ್ ಬೀರು ತಳ್ಳುತ್ತೀರಿ, ಕದಲುವುದಿಲ್ಲ. ಯಾಕೆ? "ಘರ್ಷಣೆ ನಾವು ತಳ್ಳುವ ಬಲಕ್ಕಿಂತ ಜಾಸ್ತಿ" ಅಂತ ಬರೆಯುತ್ತಾರೆ. ಜಾಸ್ತಿ ಇದ್ದಿದ್ದರೆ ಬೀರು ನಮ್ಮ ಕಡೆಗೇ ಬರಬೇಕಿತ್ತು! ಅದು ನಿಂತಿದೆ ಅಂದರೆ ಎರಡೂ ಸಮ. ನೀವು 50 ನ್ಯೂಟನ್ ತಳ್ಳಿದರೆ ಘರ್ಷಣೆ 50, ನೀವು 200 ತಳ್ಳಿದರೆ ಘರ್ಷಣೆ 200, ತಳ್ಳದೆ ಸುಮ್ನೆ ನಿಂತರೆ ಘರ್ಷಣೆ ಸೊನ್ನೆ. ಕೇಳಿದಷ್ಟೇ ಕೊಡುವ ಬಲ ಅದು. ಆದರೆ ಅದಕ್ಕೊಂದು ಮಿತಿ ಇದೆ. 80 ಕಿಲೋ ಬೀರು, ಗುಣಾಂಕ 0.4 ಆದರೆ ಮಿತಿ ಸುಮಾರು 310 ನ್ಯೂಟನ್. ಅದನ್ನು ದಾಟಿದ ಕ್ಷಣ ಬೀರು ಜರುಗುತ್ತದೆ. ಒಮ್ಮೆ ಜಾರಲು ಶುರುವಾದರೆ ಸಾಮಾನ್ಯವಾಗಿ ಘರ್ಷಣೆ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೇ ಬೀರು ತಳ್ಳುವಾಗ ಮೊದಲ ನೂಕು ಕಷ್ಟ, ಆಮೇಲೆ ಸಲೀಸು.

ಈ ಮಿತಿ ಯಾವುದರ ಮೇಲೆ ನಿಂತಿದೆ? ಎರಡು ಮೈಗಳು ಎಂಥವು, ಎಷ್ಟು ಜೋರಾಗಿ ಒತ್ತಿಕೊಂಡಿವೆ, ಇವೆರಡೇ ಮುಖ್ಯ. ತಾಗಿರುವ ಜಾಗದ ವಿಸ್ತಾರ ಲೆಕ್ಕಕ್ಕಿಲ್ಲ ಅಂದರೆ ಎಲ್ಲರಿಗೂ ಆಶ್ಚರ್ಯ. ಇಟ್ಟಿಗೆಯನ್ನು ಮಲಗಿಸಿ ಎಳೆದರೂ, ನಿಲ್ಲಿಸಿ ಎಳೆದರೂ ಬೇಕಾಗುವ ಬಲ ಹೆಚ್ಚುಕಡಿಮೆ ಒಂದೇ. ಲಿಯೊನಾರ್ಡೊ ಡ ವಿಂಚಿ ಇದನ್ನು ಗಮನಿಸಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ಅವು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1699ರಲ್ಲಿ ಫ್ರಾನ್ಸಿನ ಅಮೊಂಟಾನ್ ಮತ್ತೆ ಕಂಡುಕೊಂಡ. ಕಾರಣ ಹೀಗಿದೆ. ಎಷ್ಟೇ ನಯವಾದ ಮೈಯಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಟ್ಟಗುಡ್ಡ. ಎರಡು ಮೈ ತಾಗಿದಾಗ ನಿಜವಾಗಿ ಮುಟ್ಟುವುದು ಗುಡ್ಡದ ತುದಿಗಳು ಮಾತ್ರ. ಇಟ್ಟಿಗೆ ಮಲಗಿಸಿದರೆ ತುಂಬಾ ತುದಿಗಳು, ಒಂದೊಂದರ ಮೇಲೂ ಕಡಿಮೆ ಭಾರ. ನಿಲ್ಲಿಸಿದರೆ ಕಡಿಮೆ ತುದಿಗಳು, ಒಂದೊಂದರ ಮೇಲೂ ಜಾಸ್ತಿ ಭಾರ, ಅವು ಚಪ್ಪಟೆಯಾಗಿ ಹೆಚ್ಚು ತಾಗುತ್ತವೆ. ಒಟ್ಟು ತಾಗುವ ಜಾಗ ಅಷ್ಟೇ ಆಗುತ್ತದೆ. ರಬ್ಬರ್ ಟೈರಿನಂಥ ಮೆತ್ತನೆಯ ವಸ್ತುವಿಗೆ ಈ ನಿಯಮ ಪೂರ್ತಿ ಸರಿಹೊಂದುವುದಿಲ್ಲ. ಶಾಲೆಯ ಮಟ್ಟಕ್ಕೆ ಇಷ್ಟು ಸಾಕು. ಆ ತುದಿಗಳ ನಡುವೆ ಎಣ್ಣೆ ತುಂಬಿದರೆ ಮೈಗೆ ಮೈ ತಾಗುವುದು ತಪ್ಪುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ನಮ್ಮ ಹಿರಿಯರಿಗೆ ಸೂಕ್ಷ್ಮದರ್ಶಕ ಇರಲಿಲ್ಲ, ಆದರೆ ಅಚ್ಚಿನ ಕಿರುಗುಟ್ಟುವಿಕೆ ಅವರಿಗೆ ಇದನ್ನು ಕಲಿಸಿತ್ತು.

ನಿಮ್ಮ ಮಗಳು ಗುಣಾಂಕವನ್ನು ತಾನೇ ಅಳೆಯಬಹುದು, ಲ್ಯಾಬ್ ಬೇಡ. ಒಂದು ಹಲಗೆ, ಒಂದು ಹಳೇ ಚಪ್ಪಲಿ, ಒಂದು ಸ್ಕೇಲು ಸಾಕು. ಚಪ್ಪಲಿಯನ್ನು ಹಲಗೆಯ ಮೇಲೆ ಇಟ್ಟು ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತಲಿ. ಚಪ್ಪಲಿ ಜಾರಲು ಶುರುವಾದ ಕೂಡಲೇ ನಿಲ್ಲಿಸಲಿ. ಆ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಅದರ ನೇರ ಕೆಳಗಿನ ಜಾಗದಿಂದ ಹಲಗೆಯ ಬುಡ ಎಷ್ಟು ದೂರ, ಅಳೆಯಲಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಗುಣಾಂಕ. ಎತ್ತರ 48 ಸೆಂ.ಮೀ., ದೂರ 80 ಸೆಂ.ಮೀ. ಆದರೆ 0.6. ಆಮೇಲೆ ಚಪ್ಪಲಿಯ ಮೇಲೆ ಒಂದು ಕಲ್ಲು ಕಟ್ಟಿ ಮತ್ತೆ ಎತ್ತಲಿ. ಭಾರ ಹೆಚ್ಚಾಯಿತು, ಬೇಗ ಜಾರುತ್ತದೆ ಅಂತ ಅವಳಿಗೆ ಅನಿಸಬಹುದು. ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಜಾರುತ್ತದೆ. ಕಾಯಿ, ಹರಳಿನ ಕಥೆ ಇಲ್ಲೂ ಬಂತು ನೋಡಿ. ಜಾರಿಸುವ ಎಳೆತವೂ ಹೆಚ್ಚಿತು, ಒತ್ತುವ ಭಾರವೂ ಅಷ್ಟೇ ಹೆಚ್ಚಿತು, ಹಿಡಿತವೂ ಅಷ್ಟೇ ಹೆಚ್ಚಿತು. ಇದೇ ಆಟವನ್ನು ಹಲಗೆ ಒದ್ದೆ ಮಾಡಿ, ಸವೆದ ಚಪ್ಪಲಿ ಹಾಕಿ, ಹೊಸ ಚಪ್ಪಲಿ ಹಾಕಿ ಆಡಲಿ. ಅಂಕಿಗಳನ್ನು ಬರೆದಿಡಲಿ.

ಒದ್ದೆ ಹಲಗೆ ಅಂದಾಗ ಒಂದು ಮಾತು ಹೇಳಲೇಬೇಕು, ಇದು ನಿಮಗೂ ನಿಮ್ಮ ಮನೆಯಲ್ಲಿ ಬೈಕ್ ಓಡಿಸುವವರಿಗೂ. ಒಣ ಟಾರು ರಸ್ತೆಯಲ್ಲಿ ಟೈರಿನ ಗುಣಾಂಕ ಸುಮಾರು 0.7, ಮಳೆ ಬಿದ್ದರೆ 0.4ರ ಹತ್ತಿರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು 20 ಮೀಟರ್ ಬೇಕು, ಒದ್ದೆ ರಸ್ತೆಯಲ್ಲಿ 35 ಮೀಟರ್. ಬ್ರೇಕ್ ಹಿಡಿಯಬೇಕು ಅಂತ ಹೊಳೆದು ಕೈ ಕದಲುವ ಒಂದು ಸೆಕೆಂಡಿನಲ್ಲೇ ಹದಿನಾರು ಮೀಟರ್‌ಗಿಂತ ಜಾಸ್ತಿ ಹೋಗಿರುತ್ತದೆ. ಅದನ್ನೂ ಕೂಡಿಸಿ. ಈ ಲೆಕ್ಕದಲ್ಲಿ ಗಾಡಿಯ ತೂಕ ಬರುವುದೇ ಇಲ್ಲ. ಹೆಚ್ಚು ಭಾರ, ಹೆಚ್ಚು ಹಿಡಿತ, ಆದರೆ ನಿಲ್ಲಿಸುವುದೂ ಅಷ್ಟೇ ಹೆಚ್ಚು ಕಷ್ಟ. ನಮ್ಮದು ಭಾರದ ಬೈಕು, ರೋಡು ಕಚ್ಚಿಕೊಂಡು ಹೋಗುತ್ತದೆ ಅನ್ನುವವರಿಗೆ ಇದನ್ನು ತೋರಿಸಿ. ಇನ್ನೊಂದು ಹೋಲಿಕೆ ಕೊಡುತ್ತೇನೆ. ಹದಿನಾಲ್ಕು ಮೀಟರ್ ಎತ್ತರದ ತೆಂಗಿನ ಮರದ ತಲೆಯಿಂದ ಅಡ್ಡಿಯಿಲ್ಲದೆ ಬಿದ್ದರೆ ನೆಲ ಮುಟ್ಟುವ ವೇಗ ಎಷ್ಟು? ಗಂಟೆಗೆ 60 ಕಿಲೋಮೀಟರ್. ಆ ಮರದ ಮೇಲೆ ಏನೂ ಹಿಡಿಯದೆ ನಿಲ್ಲಲು ಹೆದರುವ ನಾವು ಹೆಲ್ಮೆಟ್ ಇಲ್ಲದೆ ಅದೇ ವೇಗದಲ್ಲಿ ಹೋಗುತ್ತೇವೆ.

ಗುರುತ್ವದ ಬಗ್ಗೆ ಒಂದು ಬಾಕಿ ಇದೆ. ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ ಅಂತ ಅವಳು ಎಲ್ಲಾದರೂ ಕೇಳಿರುತ್ತಾಳೆ. 2025ರಲ್ಲಿ ಶುಭಾಂಶು ಶುಕ್ಲಾ ಹೋಗಿದ್ದ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ದೂರವೂ ಅಲ್ಲ ಅದು. ಅಲ್ಲಿ ಭೂಮಿಯ ಎಳೆತ ಇಲ್ಲಿನ ಹತ್ತರಲ್ಲಿ ಒಂಬತ್ತು ಪಾಲು ಇದ್ದೇ ಇದೆ. ಮತ್ತೆ ತೇಲುವುದು ಯಾಕೆ? ಪುಸ್ತಕ ಮತ್ತು ಹಾಳೆ ನೆನಪಿದೆಯಲ್ಲ. ಬೀಳುತ್ತಿರುವ ಪುಸ್ತಕದ ಮೇಲೆ ಹಾಳೆ ಭಾರ ಹಾಕುತ್ತಿರಲಿಲ್ಲ, ಎರಡೂ ಜೊತೆಗೆ ಬೀಳುತ್ತಿದ್ದವು. ನಿಲ್ದಾಣವೂ ಅದರೊಳಗಿನ ಮನುಷ್ಯರೂ ಹಾಗೇ ಜೊತೆಯಾಗಿ ಭೂಮಿಯ ಕಡೆ ಬೀಳುತ್ತಲೇ ಇದ್ದಾರೆ. ಆದರೆ ಗಂಟೆಗೆ ಇಪ್ಪತ್ತೇಳು ಸಾವಿರ ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಅಡ್ಡಕ್ಕೆ ಹೋಗುತ್ತಿರುವುದರಿಂದ ಬಿದ್ದಷ್ಟೂ ಭೂಮಿ ಕೆಳಗೆ ಬಾಗಿಕೊಂಡು ಹೋಗುತ್ತದೆ. ನಮಗೆ "ಭಾರ" ಅಂತ ಅನಿಸುವುದು ಭೂಮಿಯ ಎಳೆತವಲ್ಲ. ಅಂಗಾಲಿಗೆ ನೆಲ ಕೊಡುವ ಮೇಲ್ಮುಖದ ಒತ್ತು. ಲಿಫ್ಟ್ ಕೆಳಗೆ ಹೊರಟ ಕ್ಷಣ ಹೊಟ್ಟೆಯಲ್ಲಿ ಹಗುರಾಗುತ್ತದಲ್ಲ, ಆಗ ನೆಲದ ಒತ್ತು ಸ್ವಲ್ಪ ಕಡಿಮೆಯಾಗಿರುತ್ತದೆ. ಭೂಮಿಯ ಎಳೆತ ಆಗಲೂ ಇದ್ದಷ್ಟೇ ಇರುತ್ತದೆ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಅಂತ ಅವಳು ಕೇಳುತ್ತಾಳೆ. "ಸಂಪರ್ಕದಲ್ಲಿರುವ ಎರಡು ಮೇಲ್ಮೈಗಳ ನಡುವಿನ ಸಾಪೇಕ್ಷ ಚಲನೆಯನ್ನು ಘರ್ಷಣೆ ವಿರೋಧಿಸುತ್ತದೆ" ಅಂತ ಬರೆಯಲಿ. ಆ "ಸಾಪೇಕ್ಷ" ಅನ್ನುವ ಪದವೇ ನಾನು ಹೇಳಿದ ಬಿಟ್ಟುಹೋದ ಪದ. ಒಂದರ ಮೇಲೊಂದು ಜಾರುವುದು ಅಂತ ಅದರ ಅರ್ಥ. ಬರೆಯುವಾಗ ಮರದ ಮೇಲಿನ ಪಾದ ಅವಳ ಕಣ್ಣ ಮುಂದೆ ಇರಲಿ.

ಮುಂದಿನ ಸಲ ಎಳನೀರು ಗೊನೆ ಇಳಿಸುವಾಗ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಕಾಯಿ ಒಡೆಯಬಾರದು ಅಂತ ಗೊನೆಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಗರಿಯ ಬುಡಕ್ಕೋ ಕಾಂಡಕ್ಕೋ ಸುತ್ತಿ ಇಳಿಸುತ್ತಾರೆ. ಮೂವತ್ತು ಕಿಲೋ ಗೊನೆಯನ್ನು ಒಬ್ಬ ಮನುಷ್ಯ ಒಂದೇ ಕೈಯಲ್ಲಿ, ಗಡಿಬಿಡಿಯಿಲ್ಲದೆ, ಬೇಕಾದಷ್ಟೇ ಸಡಿಲ ಬಿಡುತ್ತಾ ಇಳಿಸುತ್ತಾನೆ. ಹಗ್ಗಕ್ಕೂ ಮರಕ್ಕೂ ಗುಣಾಂಕ 0.3 ಇದ್ದರೆ ಒಂದು ಪೂರ್ತಿ ಸುತ್ತಿಗೆ ಅವನ ಕೈಮೇಲಿನ ಭಾರ ಮೂವತ್ತರಿಂದ ನಾಲ್ಕೂವರೆ ಕಿಲೋಗೆ ಇಳಿಯುತ್ತದೆ. ಎರಡು ಸುತ್ತಿಗೆ ಮುಕ್ಕಾಲು ಕಿಲೋಗಿಂತ ಕಡಿಮೆ. ಪ್ರತಿ ಸುತ್ತೂ ಭಾರವನ್ನು ಕಳೆಯುವುದಿಲ್ಲ, ಭಾಗಿಸುತ್ತದೆ. ಮನೆಗೆ ಬಂದ ಮೇಲೆ ಅಂಗಳದ ಕಂಬಕ್ಕೆ ಒಂದು ಹಗ್ಗ ಸುತ್ತಿ, ಒಂದು ತುದಿಗೆ ನೀರು ತುಂಬಿದ ಕೊಡ ಕಟ್ಟಿ, ಇನ್ನೊಂದು ತುದಿಯನ್ನು ಅವಳ ಕೈಗೆ ಕೊಡಿ. ಮೊದಲು ಅರ್ಧ ಸುತ್ತು, ಆಮೇಲೆ ಒಂದು, ಆಮೇಲೆ ಒಂದೂವರೆ. ಎಷ್ಟನೇ ಸುತ್ತಿಗೆ ಕಿರುಬೆರಳಲ್ಲಿ ಹಿಡಿಯಬಹುದು ಅಂತ ಅವಳು ಬರೆದು ಕಳಿಸಲಿ, ನಾನು ಕಾಯುತ್ತೇನೆ.